ಏಳನೇ ಸಬ್ಜೆಕ್ಟು ರಾಗಿ

ಪಿಯುಸಿಗೆ ಆರು ಸಬ್ಜೆಕ್ಟು, ಆರುನೂರು ಮಾರ್ಕ್ಸು. ನಮ್ಮ ಅಣ್ಣನ ಮಗಳಿಗೆ ಏಳನೆಯದೊಂದಿತ್ತು. ಕಾಲೇಜಿನಲ್ಲಿ ಅದಕ್ಕೆ ಪೀರಿಯಡ್ ಇಲ್ಲ, ಪಠ್ಯಪುಸ್ತಕ ಇಲ್ಲ, ಮಾರ್ಕ್ಸ್ ಕಾರ್ಡಿನಲ್ಲಿ ಅದರ ಸುಳಿವೂ ಇಲ್ಲ. ಆದರೂ 200 ಅಂಕ. ಪ್ರಶ್ನೆ ಒಂದೇ: ನೀನು ನಿಮ್ಮಪ್ಪನ ಮಗಳು ಹೌದೋ ಅಲ್ಲವೋ?

ಬಿಡಿಸಿ ಹೇಳುತ್ತೇನೆ. ಕೃಷಿ ಪದವಿಯ ಸೀಟುಗಳಲ್ಲಿ ರೈತರ ಮಕ್ಕಳಿಗೆಂದು ಒಂದು ಪಾಲಿದೆ. ಮೊದಲು ಶೇ 40 ಇತ್ತು, ಆಮೇಲೆ ಶೇ 50 ಮಾಡಿದರು. ಸಂತೋಷ. ಆದರೆ ರೈತನ ಮಗಳು ಎಂದು ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ. ಪಹಣಿ ಬೇಕು. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ ವಂಶವೃಕ್ಷ ಬೇಕು. ನಾಡಕಚೇರಿಯ ಸರ್ವರ್ ಎದ್ದಿರಬೇಕು. ಇಷ್ಟೆಲ್ಲ ಆಗಿ ವ್ಯವಸಾಯಗಾರರ ಸರ್ಟಿಫಿಕೇಟು ಕೈಗೆ ಬಂತೆನ್ನಿ, ಅಷ್ಟಕ್ಕೂ ಮುಗಿಯಲಿಲ್ಲ. ತಹಶೀಲ್ದಾರರು ಹೇಳಿದರೆ ಸಾಲದು, ಹುರುಳಿಕಾಳೂ ಹೇಳಬೇಕು. ಅದಕ್ಕೇ ಪ್ರಾಕ್ಟಿಕಲ್ ಪರೀಕ್ಷೆ. ಮುಂದೆ ಇಟ್ಟ ಬೀಜ, ಗೊಬ್ಬರ, ಸಲಕರಣೆ ನೋಡಿ ಇದು ಇಂಥದ್ದು ಎಂದು ಗುರುತಿಸಬೇಕು.

ರೈತನ ಮಗಳಿಗೆ ಇದೇನು ಕಷ್ಟ ಅಂದಿರಾ? ನಮ್ಮೂರು ಚಿಂತಾಮಣಿ ತಾಲ್ಲೂಕು. ಇಲ್ಲಿ ಮಗುವೊಂದು ಚುರುಕು ಎಂದು ಗೊತ್ತಾದ ದಿನವೇ ಅದನ್ನು ಹೊಲದಿಂದ ಎತ್ತಿ ಹಾಸ್ಟೆಲಿಗೆ ಹಾಕುತ್ತೇವೆ. ನಮ್ಮ ಹುಡುಗಿ ಆರನೇ ಕ್ಲಾಸಿಗೇ ಹೋದವಳು. ಯುಗಾದಿಗೆ ಬಂದರೂ, 'ಬಿಸಿಲಿಗೆ ಹೋಗಬೇಡ, ಕೂತ್ಕೊಂಡು ಓದ್ಕೋ.' ಹೊಲದ ಬದುವಿಗೆ ಕಾಲಿಟ್ಟರೆ ಕಾಲು ಮುರೀತೀನಿ ಎಂದು ಅಣ್ಣ ಎಷ್ಟು ಸಲ ಹೇಳಿದ್ದಾನೋ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರು ತನ್ನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಕಳಿಸುತ್ತದೆ; ನಾವು ಮಕ್ಕಳನ್ನು ಸಂಸ್ಕರಿಸಲು ಬೆಂಗಳೂರಿಗೆ ಕಳಿಸುತ್ತೇವೆ. ಹೀಗೆ ಆರೇಳು ವರ್ಷ ಮಣ್ಣು ಮೆತ್ತದ ಹಾಗೆ ಕಾಪಾಡಿದ ಹುಡುಗಿಯ ಮುಂದೆ ಹದಿನೇಳನೇ ವಯಸ್ಸಿನಲ್ಲಿ ಎರಡು ಡಬ್ಬಿ ಹಿಡಿದು, ಇದರಲ್ಲಿ ಹುಚ್ಚೆಳ್ಳು ಯಾವುದು, ಎಳ್ಳು ಯಾವುದು ಅಂದರೆ?

ಗಾಬರಿಯಾಗಬೇಡಿ, ಕೋಚಿಂಗ್ ಇದೆ.

ಬೇಕರಿಯೊಂದರ ಮೇಲೆ ಎರಡನೇ ಮಹಡಿ, ಶೀಟಿನ ಚಾವಣಿ, ಹತ್ತು ದಿನದ ಕ್ರ್ಯಾಶ್ ಕೋರ್ಸು. ಸೇರಿಸಲು ಅಣ್ಣನ ಜೊತೆ ನಾನೂ ಹೋಗಿದ್ದೆ. ಮೇಷ್ಟ್ರು ಏಪ್ರಿಲ್ ತನಕ ಅದೇ ಕೋಣೆಯಲ್ಲಿ ಫಿಸಿಕ್ಸ್ ಹೇಳುತ್ತಿದ್ದವರು. ಬೋರ್ಡಿನ ಮೂಲೆಯಲ್ಲಿ ಲೆನ್ಸಿನ ಸೂತ್ರವೊಂದು ಅಳಿಸದೆ ಹಾಗೇ ಇತ್ತು, ಅದರ ಪಕ್ಕದಲ್ಲೇ ರಾಗಿ: 'ಸಣ್ಣ, ದುಂಡು, ಇಟ್ಟಿಗೆ ಬಣ್ಣ, ಎಲ್ಯೂಸಿನ್ ಕೊರಕಾನ.' ಅರವತ್ತು ಜನ ರೈತರ ಮಕ್ಕಳು ಅದನ್ನು ನೋಟ್ಸ್ ಬರೆದುಕೊಳ್ಳುತ್ತಿದ್ದರು. ಪಾವಗಡದ ಕಡೆಯ ಹುಡುಗನೊಬ್ಬ ಕಣ್ಣು ಮುಚ್ಚಿ 'ಅರಾಕಿಸ್ ಹೈಪೋಜಿಯಾ, ಅರಾಕಿಸ್ ಹೈಪೋಜಿಯಾ' ಎಂದು ಜಪ ಮಾಡುತ್ತಿದ್ದ. ಕಡಲೆಕಾಯಿ ಅಂತ ಹೇಳಪ್ಪ, ಸಾಕು ಅನ್ನಬೇಕು ಅನಿಸಿತು. ಅವನ ಏಕಾಗ್ರತೆ ಕೆಡಿಸುವುದು ಬೇಡವೆಂದು ಸುಮ್ಮನಾದೆ.

ಫೀಸಿನ ಜೊತೆಗೆ 1,500 ರೂಪಾಯಿಗೆ ಒಂದು ಕಿಟ್ಟು. ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಅರವತ್ತು ಪುಟ್ಟ ಡಬ್ಬಿ, ಪ್ರತಿಯೊಂದಕ್ಕೂ ಚೀಟಿ. ರಾಗಿ, ನವಣೆ, ಸಾಮೆ, ಹಾರಕ, ಅಲಸಂದೆ, ಯೂರಿಯಾ, ಡಿಎಪಿ... ನಮ್ಮಮ್ಮ ಅದನ್ನು ಮೊದಲ ಸಲ ನೋಡಿದಾಗ ಹೋಮಿಯೋಪಥಿ ಔಷಧ ಅಂದುಕೊಂಡಳು.

ನಿಜವಾದ ಪೇಚಾಟ ಬಂದದ್ದು ಸಲಕರಣೆ ಪಾಠದಲ್ಲಿ. ಕುಂಟೆ, ನೊಗ, ಹಲುಬೆ ಫೋಟೋದಲ್ಲಿ ಮುಗಿದವು. ಕೂರಿಗೆ ಮಾತ್ರ ಎದುರಿಗೆ ನೋಡಬೇಕು, ಬೀಜ ಹಾಕುವ ಬಟ್ಟಲು ಯಾವುದು, ಕೊಳವೆ ಯಾವುದು ಎಂದು ಗೊತ್ತಾಗಬೇಕು ಅಂದಳು ಹುಡುಗಿ. ನಮ್ಮನೆ ಕೂರಿಗೆ ಟ್ರ್ಯಾಕ್ಟರ್ ಬಂದ ಮೇಲೆ ಕೊಟ್ಟಿಗೆ ಅಟ್ಟ ಸೇರಿ, ಅಲ್ಲಿಂದ ಒಲೆ ಸೇರಿತ್ತು. ಊರಲ್ಲಿ ಕೇಳಿದೆವು, ಪಕ್ಕದೂರಲ್ಲಿ ಕೇಳಿದೆವು. ಕೊನೆಗೆ ಸಿಕ್ಕಿದ್ದು ನಂದಿಬೆಟ್ಟದ ತಪ್ಪಲಿನ ಒಂದು ರೆಸಾರ್ಟಿನಲ್ಲಿ, ರಿಸೆಪ್ಷನ್ ಗೋಡೆಯ ಮೇಲೆ, ಸುತ್ತ ಸೀರಿಯಲ್ ಲೈಟು ಹಾಕಿಸಿಕೊಂಡು. ಸುಮ್ಮನೆ ನೋಡಿಕೊಂಡು ಬರಲು ಬಿಡಲಿಲ್ಲ, ಎರಡು ಕಾಫಿ ತೆಗೆದುಕೊಳ್ಳಬೇಕಾಯಿತು. ನನ್ನ ತಾತ ಹೊಲದಲ್ಲಿ ಹಿಡಿದು ನಡೆದದ್ದನ್ನು ಮೊಮ್ಮಗನಾದ ನಾನು ಕಾಫಿಗೆ ದುಡ್ಡು ಕೊಟ್ಟು ಕತ್ತೆತ್ತಿ ನೋಡಿದೆ. ಹುಡುಗಿ ಮೊಬೈಲಿನಲ್ಲಿ ಆರು ಫೋಟೋ ತೆಗೆದಳು. ನಮ್ಮ ಪಕ್ಕದಲ್ಲೇ ಬೆಂಗಳೂರಿನ ದಂಪತಿ ಅದರ ಕೆಳಗೆ ನಿಂತು ಸೆಲ್ಫಿ ತೆಗೆದುಕೊಂಡರು. 'ಹಳೇ ಕಾಲದ ಸಂಗೀತ ವಾದ್ಯ ಇರ್ಬೇಕು' ಅಂದಿತು ಗಂಡು.

ಅವರನ್ನು ನಗುವ ಹಾಗಿಲ್ಲ. ಅವರು ರೈತರೇ ಆಗಿದ್ದರೂ ಆಗಿದ್ದಾರು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು. ಮೂರು ಎಕರೆ ಬರೆಸಿಕೊಂಡು, ಬೇಲಿ ಹಾಕಿ, ಗೇಟಿಗೆ ನಾಯಿ ಕಟ್ಟಿದರೆ ಮುಗಿಯಿತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅವರ ಮುಂದೆ ಯಾರೂ ಎರಡು ಡಬ್ಬಿ ಹಿಡಿಯುವುದಿಲ್ಲ. ಹಸಿರು ಶಾಲು ಹೊದ್ದು ರೈತರ ಹೆಸರಿನಲ್ಲಿ ಪ್ರಮಾಣವಚನ ತೆಗೆದುಕೊಳ್ಳುವವರಿಗೂ ಈ ಪ್ರಾಕ್ಟಿಕಲ್ ಇಲ್ಲ. ಇದು ಇರುವುದು ರೈತರ ಮಕ್ಕಳಿಗೆ ಮಾತ್ರ. ಸಂಶಯ ಇರುವುದೂ ಅವರ ಮೇಲೇ ತಾನೆ!

ಪರೀಕ್ಷೆಗೆ ನಾಲ್ಕು ದಿನ ಮುಂಚೆ ಹುಡುಗಿ ಊರಿಗೆ ಬಂದಳು. ರಾತ್ರಿ ಊಟವಾದ ಮೇಲೆ ನಮ್ಮಮ್ಮನಿಗೇ ಒಂದು ಮಾಡೆಲ್ ಟೆಸ್ಟ್ ಇಟ್ಟಳು. ಚೀಟಿ ಮುಚ್ಚಿ ಡಬ್ಬಿ ಕೊಟ್ಟರೆ ಅಮ್ಮ ಮುಚ್ಚಳ ತೆಗೆದು, ಕಾಳು ಅಂಗೈಗೆ ಸುರಿದುಕೊಂಡು, ಒಂದನ್ನು ಹಲ್ಲಲ್ಲಿ ಕಡಿದು ಹೇಳುತ್ತಿದ್ದಳು.

'ಇಂಡಾಪು ರಾಗಿ.'

'ಅಜ್ಜಿ, ವೈಜ್ಞಾನಿಕ ಹೆಸರು?'

'ಅದೇ ಹೇಳಿದ್ನಲ್ಲ, ಇಂಡಾಪು.'

ಇಂಡಿಯಾ, ಆಫ್ರಿಕಾ ತಳಿಗಳನ್ನು ಸೇರಿಸಿ ಮಾಡಿದ್ದಕ್ಕೆ ಇಂಡಾಫ್ ಅಂತ ಹೆಸರಿಟ್ಟದ್ದು. ಅದಕ್ಕಿಂತ ವೈಜ್ಞಾನಿಕವಾಗಿ ಇನ್ನೇನು ಹೇಳಬೇಕೋ ನನಗಂತೂ ಕಾಣೆ. ಹುಡುಗಿ ಮಾರ್ಕ್ಸ್ ಕೊಡಲಿಲ್ಲ. ಡಿಎಪಿಯಲ್ಲಿ ಸಾರಜನಕ ಎಷ್ಟು, ರಂಜಕ ಎಷ್ಟು ಅಂದಾಗಲೂ ಅಮ್ಮ ಸೊನ್ನೆ. ಮೂಟೆಯ ಮೇಲೆ 18:46 ಅಂತ ಬರೆದಿರುತ್ತದೆ, ಅವಳಿಗೆ ಓದು ಬಾರದು. ಒಟ್ಟಾರೆ ಫೇಲ್. ಐವತ್ತು ವರ್ಷ ರಾಗಿ ಬೆಳೆದವಳು ಮೊಮ್ಮಗಳ ಕೈಲಿ ಫೇಲಾಗಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ ತಾನೂ ಒಂದು ಪ್ರಶ್ನೆ ಕೇಳಿದಳು: 'ಕಾಡುರಾಗಿ ಪೈರು, ನಾಡುರಾಗಿ ಪೈರು ಪಕ್ಕಪಕ್ಕ ಗೇಣುದ್ದ ಎದ್ದಿದ್ರೆ ಯಾವುದನ್ನ ಕೀಳ್ತೀಯ?'

ಹುಡುಗಿ ಕಿಟ್ಟಿನ ಪಟ್ಟಿ ಪೂರ್ತಿ ತಿರುವಿ ಹಾಕಿದಳು. 'ಅದು ಸಿಲಬಸ್ಸಲ್ಲಿಲ್ಲ ಅಜ್ಜಿ.'

ಕಿಟ್ಟಿಗೆ ಎಷ್ಟು ಕೊಟ್ಟಿರಿ ಎಂಬ ಪ್ರಶ್ನೆ ಬಂದದ್ದು ಆಗಲೇ. ನಾನು ಲೆಕ್ಕ ಹಾಕಿ ಹೇಳಿದೆ. ಅರವತ್ತು ಡಬ್ಬಿಗೆ ಸಾವಿರದೈನೂರು, ಅಂದರೆ ಡಬ್ಬಿಗೆ 25 ರೂಪಾಯಿ. ಒಳಗಿರುವ ರಾಗಿ ಹತ್ತು ಗ್ರಾಂ. ಕೆಜಿಗೆ ಎರಡೂವರೆ ಸಾವಿರ, ಕ್ವಿಂಟಲಿಗೆ ಎರಡೂವರೆ ಲಕ್ಷ. ಸರ್ಕಾರ 2025–26ಕ್ಕೆ ರಾಗಿಗೆ ಕಟ್ಟಿರುವ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಅಮ್ಮ ತುಂಬ ಹೊತ್ತು ಡಬ್ಬಿಯನ್ನೇ ತಿರುಗಿಸಿ ನೋಡುತ್ತಿದ್ದಳು. 'ಈ ಸಲ ರಾಗಿ ಬೇಡ. ಮಳೆ ಬಿದ್ದ ತಕ್ಷಣ ಡಬ್ಬಿ ಬಿತ್ತೋಣ' ಅಂದಳು.

ಪರೀಕ್ಷೆ ಮುಗಿಯಿತು. ಕೂರಿಗೆ ಗುರುತು ಸಿಕ್ಕಿತಂತೆ, ಲೈಟು ಇಲ್ಲದ್ದಕ್ಕೆ ಒಂದು ಕ್ಷಣ ಅನುಮಾನ ಬಂತಂತೆ. ಅಂಕ ಚೆನ್ನಾಗಿಯೇ ಬಂದವು. ನಮ್ಮ ಹುಡುಗಿ ರೈತನ ಮಗಳು ಎಂಬುದು ಈಗ ಅಧಿಕೃತ. ಅಣ್ಣ ಕಿಟ್ಟನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಪಹಣಿಯ ಜೊತೆ ಇಟ್ಟು ಬೀಗ ಹಾಕಿದ್ದಾನೆ. ಎರಡನೆಯ ಮಗಳು ಎಂಟನೇ ಕ್ಲಾಸು. ಮೊನ್ನೆ ಅಮ್ಮ ಕಳೆ ಕೀಳಲು ಹೊರಟಾಗ ಅದೂ ಒಂದು ಕುಡುಗೋಲು ಹಿಡಿದು ಹಿಂದೆ ಹೊರಟಿತ್ತು. ಅಣ್ಣ ಜಗುಲಿಯಿಂದಲೇ ಕೂಗಿದ:

'ಎಲ್ಲಿಗೆ ಹೋಗ್ತಿದ್ದೀಯ? ಬಾ, ಓದ್ಕೋ. ಅದಕ್ಕೆಲ್ಲ ಡಬ್ಬಿ ಇದೆ.'