ಎಎನ್‌ಎ ಪಾಸಿಟಿವ್ ಬಂದರೆ ಲೂಪಸ್ಸೇ ಎಂದಲ್ಲ

‘ಎಎನ್‌ಎ ಪಾಸಿಟಿವ್ ಬಂದರೆ ಲೂಪಸ್’ ಎಂದು ನಿಮ್ಮ ಲೇಖನದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ದಯವಿಟ್ಟು ತಿದ್ದಿ. ಲೂಪಸ್ ಎಂದರೆ ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ; ಎಎನ್‌ಎ ಎಂದರೆ ನಮ್ಮದೇ ಜೀವಕೋಶಗಳ ಕೇಂದ್ರದ ವಿರುದ್ಧ ದೇಹ ಮಾಡುವ ಪ್ರತಿಕಾಯಗಳನ್ನು ಹುಡುಕುವ ರಕ್ತಪರೀಕ್ಷೆ. ಆರೋಗ್ಯವಂತರಲ್ಲೂ ನೂರಕ್ಕೆ ಸುಮಾರು 5 ಮಂದಿಗೆ 1:160ರಲ್ಲಿ (ರಕ್ತದ ಸೀರಂ ಅನ್ನು 160 ಪಟ್ಟು ತೆಳುಗೊಳಿಸಿದಾಗಲೂ) ಅದು ಪಾಸಿಟಿವ್ ಬರುತ್ತದೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನನ್ನ ಅಕ್ಕ ಅದೊಂದೇ ರಿಪೋರ್ಟ್ ನೋಡಿ ಎರಡು ರಾತ್ರಿ ಅತ್ತಿದ್ದಳು. ಮಂಗಳೂರಿನ ಡಾಕ್ಟರು ಬಿಡಿಸಿ ಹೇಳಿದರು: ಲೂಪಸ್ ಒಂದರಲ್ಲೇ ನೂರಕ್ಕೂ ಹೆಚ್ಚು ಬಗೆಯ ಸ್ವಪ್ರತಿಕಾಯಗಳು (ದೇಹದ ವಿರುದ್ಧವೇ ತಿರುಗುವ ಪ್ರತಿಕಾಯಗಳು) ಕಂಡುಬಂದಿವೆ, ಇರುವುದು ಯಾವುದು ಎಂಬುದೇ ಮುಖ್ಯ. ಇವುಗಳಲ್ಲಿ ಆಂಟಿ-ಡಿಎಸ್‌ಡಿಎನ್‌ಎ ಎಂಬುದು ಏರಿದರೆ ಕಿಡ್ನಿಯ ಮೇಲೆ ಕಣ್ಣಿಡಬೇಕು. ಆಂಟಿ-ಸ್ಮಿತ್ ಕೆಲವರಲ್ಲಷ್ಟೇ ಸಿಗುತ್ತದೆ, ಸಿಕ್ಕರೆ ಲೂಪಸ್ ಎನ್ನಲು ಬಲವಾದ ಆಧಾರ. ಆಂಟಿ-ರೋ ಬಸುರಿಯಿಂದ ಮಗುವಿಗೆ ದಾಟಿ, ಅಪರೂಪಕ್ಕೆ, ಅದರ ಎದೆಬಡಿತವನ್ನೇ ನಿಧಾನ ಮಾಡಬಹುದು. ಅಕ್ಕನಿಗೆ ಇರುವುದು ಇದೇ. ಈಗ ಐದು ತಿಂಗಳು, ಮಗುವಿನ ಹೃದಯದ ಸ್ಕ್ಯಾನ್‌ಗೆ ಮತ್ತೆ ಮತ್ತೆ ಹೋಗುತ್ತಿದ್ದೇವೆ. ಇದನ್ನೆಲ್ಲ ಕನ್ನಡದಲ್ಲಿ ವಿವರವಾಗಿ ಬರೆಯಿರಿ. ಇಲ್ಲಿ ಕೊಟ್ಟ ಮಲಯಾಳದ ಕರಪತ್ರ ನಮ್ಮಮ್ಮನಿಗೆ ಓದಲು ಬರುವುದಿಲ್ಲ.