ಗ್ರಾಮ್ ಬಣ್ಣ ರೋಗದ ತೀವ್ರತೆ ಹೇಳುವುದಿಲ್ಲ

ಗ್ರಾಮ್ ಬಣ್ಣ ಎಂದರೆ ಬ್ಯಾಕ್ಟೀರಿಯಾಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ, ನೇರಳೆ ಕಂಡರೆ ಪಾಸಿಟಿವ್, ಗುಲಾಬಿ ಕಂಡರೆ ನೆಗೆಟಿವ್ ಎಂದು ವಿಂಗಡಿಸುವ ವಿಧಾನ. ‘ಗ್ರಾಮ್ ಪಾಸಿಟಿವ್ ಸೌಮ್ಯ, ನೆಗೆಟಿವ್ ಅಪಾಯಕಾರಿ’ ಎಂದು ಒಂದು ಲೇಖನದಲ್ಲಿದೆ. ತಪ್ಪು. ಧನುರ್ವಾಯು ತರುವ ಕ್ಲಾಸ್ಟ್ರಿಡಿಯಂ ಟೆಟಾನಿ ಪಾಸಿಟಿವ್ ಗುಂಪಿನದೇ, ಅದು ಯಾವ ಲೆಕ್ಕದಲ್ಲಿ ಸೌಮ್ಯ? ಬಣ್ಣ ಹೇಳುವುದು ಜೀವಕೋಶದ ಗೋಡೆಯ ಬಗ್ಗೆ. ಗೋಡೆಯಲ್ಲಿನ ಪೆಪ್ಟಿಡೋಗ್ಲೈಕನ್ ಎಂಬ ಜಾಲದಂಥ ಪದರ ದಪ್ಪಗಿದ್ದರೆ ನೇರಳೆ ಉಳಿಯುತ್ತದೆ. ತೆಳುವಾಗಿದ್ದರೆ ನೇರಳೆ ಆಲ್ಕೋಹಾಲಿಗೆ ತೊಳೆದುಹೋಗಿ, ಕೊನೆಗೆ ಹಾಕುವ ಬಣ್ಣದಿಂದ ಗುಲಾಬಿ ಕಾಣುತ್ತದೆ. ಕಾಲರಾದ ವಿಬ್ರಿಯೊ, ಟೈಫಾಯ್ಡಿನ ಸಾಲ್ಮೊನೆಲ್ಲ ಈ ಎರಡನೆಯ ಬಗೆ.

ಬಣ್ಣ ಹಾಕುವ ಕ್ರಮ: ಕ್ರಿಸ್ಟಲ್ ವಯಲೆಟ್ (ನೇರಳೆ ಬಣ್ಣ) 1 ನಿಮಿಷ, ಅದನ್ನು ಹಿಡಿದಿಡಲು ಅಯೋಡಿನ್ 1 ನಿಮಿಷ, ಆಲ್ಕೋಹಾಲ್ 10–20 ಸೆಕೆಂಡು, ಕೊನೆಗೆ ಸಾಫ್ರನಿನ್ (ಗುಲಾಬಿ ಬಣ್ಣ) ಸುಮಾರು 1 ನಿಮಿಷ. ಹೆಚ್ಚಾಗಿ ಎಡವುವುದು ಆಲ್ಕೋಹಾಲಿನಲ್ಲಿ: ತುಸು ಹೆಚ್ಚಾದರೆ ಪಾಸಿಟಿವ್ ಗುಂಪಿನ ಸ್ಟೆಫಿಲೊಕಾಕಸ್ ಕೂಡ ಗುಲಾಬಿಯೇ. ಇನ್ನು ಕಲಬುರಗಿಯ ಮೇ ಬಿಸಿಲು ಗೊತ್ತಲ್ಲ, ಫ್ಯಾನ್ ಕೆಳಗಿಟ್ಟ ಸ್ಲೈಡಿನಲ್ಲಿ ನೇರಳೆ ಬಣ್ಣ ಒಣಗಿ ಹರಳುಗಟ್ಟಿ ಕೋಕಸ್ (ದುಂಡು ಬ್ಯಾಕ್ಟೀರಿಯಾ) ಹಾಗೇ ಕಾಣುತ್ತದೆ. ಕೋಕಸ್ ಆದರೆ ಹೆಚ್ಚುಕಡಿಮೆ ಒಂದೇ ಗಾತ್ರ; ಹರಳು ಚೂರುಪಾರು, ಅಂಚು ಒರಟು. ಬಣ್ಣ ಸೋಸಿ ಬಳಸಿ, ಸ್ಲೈಡ್ ಒಣಗಲು ಬಿಡದೆ ತೊಳೆಯಿರಿ.

ಕ್ಷಯದ ಕಫಕ್ಕೆ ಇದು ನಡೆಯದು. ಆ ಬ್ಯಾಕ್ಟೀರಿಯಾದ ಗೋಡೆ ಮೇಣದಂಥದ್ದು, ಗ್ರಾಮ್ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಬಿಸಿ ಕಾರ್ಬಾಲ್ ಫುಕ್ಸಿನ್ (ಕೆಂಪು ಬಣ್ಣ) ಹಾಕಿ ಆಮ್ಲದಲ್ಲಿ ತೊಳೆಯುವ ಜೀಲ್–ನೀಲ್ಸನ್‌ನಂಥ ವಿಧಾನ ಬೇಕು.