ಗುಡ್ಡವೂ ಕೇಂದ್ರಸ್ಥಾನ ಬಿಡಬಾರದು

ಮಳೆಗಾಲ ಬಂತು ಅಂತ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಗೊತ್ತಾಗುವುದು ಕಪ್ಪೆ ಕೂಗಿದಾಗ ಅಲ್ಲ, ಪೂರ್ವಸಿದ್ಧತಾ ಸಭೆಯ ಫೋಟೋ ಬಂದಾಗ. ಎದುರಿಗೆ ನೀರಿನ ಬಾಟಲಿ, ಗೋಡಂಬಿ ತಟ್ಟೆ. "ಅಧಿಕಾರಿಗಳು ಕೇಂದ್ರಸ್ಥಾನ ಬಿಡಬಾರದು" ಅಂತ ಕಟ್ಟುನಿಟ್ಟಿನ ಸೂಚನೆ. ಗುಡ್ಡಗಳಿಗೂ ಇದನ್ನೇ ಹೇಳಿದ್ದರೆ ಸಾಕಿತ್ತು.

ಆಮೇಲೆ ಕಾಳಜಿ ಕೇಂದ್ರ. ಹೆಸರಿಟ್ಟವರಿಗೆ ಕೈ ಮುಗಿಯಬೇಕು. ಮೊದಲು ಗಂಜಿ ಕೇಂದ್ರ ಅನ್ನುತ್ತಿದ್ದರು. ಗಂಜಿ ಸಿಗದಿದ್ದರೆ ಗಲಾಟೆ ಮಾಡಬಹುದಿತ್ತು. ಕಾಳಜಿ ಸಿಗಲಿಲ್ಲ ಅಂತ ಯಾರ ಹತ್ತಿರ ಕೇಳೋದು? ಕದ್ರಾ ಅಣೆಕಟ್ಟಿನ ಗೇಟು ತೆರೆದರೆ ಕಾಳಿ ನದಿ ದಡದವರು ಶಾಲೆಯ ಬೆಂಚು ಸರಿಸಿ ಮಲಗುತ್ತಾರೆ. ಅನ್ನ ಸಾರು ಚೆನ್ನಾಗೇ ಇರುತ್ತದೆ, ಸುಳ್ಳು ಹೇಳಬಾರದು. ನೀರು ಇಳಿದ ದಿನ ಕಾಳಜಿಯೂ ಇಳಿಯುತ್ತದೆ. ಮಕ್ಕಳಿಗೆ ಪಾಠ ಆಗಬೇಕಲ್ವಾ!

ಮನೆಗೆ ಬಂದರೆ ಸರ್ವೆ. ಮನೆಯ ಹಾನಿಗೂ ಪರೀಕ್ಷೆಯ ಹಾಗೆ ಅಂಕ. ಶೇ. 75ಕ್ಕಿಂತ ಜಾಸ್ತಿ ಬಂದರೆ 'ಎ'. ನಮ್ಮ ಓಣಿಯ ಅಜ್ಜಿಗೆ ಸಿಕ್ಕಿದ್ದು 'ಬಿ'. ಮೊಬೈಲು ಹಿಡಿದು ಬಂದ ಹುಡುಗ, "ಗೋಡೆ ನಿಂತಿದೆಯಲ್ಲ ಅಜ್ಜಿ" ಅಂದ. "ಅದು ಕೊಟ್ಟಿಗೆದ್ದು ಮಾರಾಯಾ" ಅಂದಳು ಅಜ್ಜಿ. ಫೋಟೋ ಆಗಲೇ ಅಪ್‌ಲೋಡ್ ಆಗಿತ್ತು.

ಘಟ್ಟದ ಮೇಲಿನ ಲೆಕ್ಕ ಇನ್ನೂ ಸೊಗಸು. 2022ರ ಕೇಂದ್ರದ ಮಾರ್ಗಸೂಚಿಯಂತೆ ಅಡಿಕೆಯಂಥ ಬಹುವಾರ್ಷಿಕ ಬೆಳೆ ಹಾಳಾದರೆ ಹೆಕ್ಟೇರಿಗೆ 22,500 ರೂಪಾಯಿ ಅಂತ ಇತ್ತು, ಅದೂ 2 ಹೆಕ್ಟೇರಿನವರೆಗೆ ಮಾತ್ರ. ಗುಂಟೆಗೆ ಹೆಚ್ಚುಕಡಿಮೆ 225. ಇಷ್ಟು ದುಡ್ಡು ತೋರಿಸಿದರೆ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಮರದ ಬುಡಕ್ಕೂ ಬರುವುದಿಲ್ಲ. ಯಲ್ಲಾಪುರದ ಕಳಚೆಯಲ್ಲಿ 2021ರ ಜುಲೈನಲ್ಲಿ ತೋಟದ ಜೊತೆ ಅದರ ಅಡಿಯ ನೆಲವೇ ಜಾರಿ ಹೋಯಿತು. ಸಸಿಗೆ ದುಡ್ಡು ಕೊಟ್ಟರೂ ನೆಡುವುದು ಎಲ್ಲಿ? ಅರ್ಜಿಯಲ್ಲಿ ಆ ಕಾಲಂ ಇಲ್ಲ.

ಅಂಕೋಲಾದ ಶಿರೂರಿನ ವಿಷಯಕ್ಕೆ ಬಂದರೆ ಮಾತ್ರ ನಗು ಬರುವುದಿಲ್ಲ. 2024ರ ಜುಲೈ 16ಕ್ಕೆ ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದು ಪಕ್ಕದ ಗಂಗಾವಳಿ ನದಿಗೂ ಜಾರಿತು. ಅದರ ಜೊತೆ ಕೊಚ್ಚಿಹೋದ ಲಾರಿ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಆಚೆ ದಡದ ಉಳುವರೆಯಲ್ಲಿ ತಮ್ಮ ಪಾಡಿಗೆ ತಾವಿದ್ದವರ ಮನೆಗಳನ್ನೂ ಮಣ್ಣು ಬಿದ್ದ ರಭಸಕ್ಕೆ ಉಕ್ಕಿದ ನೀರು ಎತ್ತಿ ಒಗೆಯಿತು. ಅದಕ್ಕೂ 15 ವರ್ಷ ಮೊದಲು ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತಿದ್ದರು. ಇನ್ನೆಷ್ಟು ಗುಡ್ಡ ಬೀಳಬೇಕ್ರೀ ನಿಮಗೆ? ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದು ಬಿಡುವುದು, ಬಿದ್ದ ಮೇಲೆ 'ಈ ಸಲ ಮಳೆ ಜಾಸ್ತಿ' ಅನ್ನುವುದು. ನಮ್ಮಲ್ಲಿ ಮಳೆ ಯಾವತ್ತು ಕಮ್ಮಿ ಇತ್ತು?